ಕನ್ನಡಿ ಅಂಗಡಿಯಲ್ಲಿ ಚಂದ್ರಗ್ರಹಣ

ಹೆಂಡತಿ ಈಗೀಗ ತಮ್ಮ ಮುಖವನ್ನೇ ನೋಡುತ್ತಿಲ್ಲ ಎಂಬ ಕಟುಸತ್ಯ ಯಜಮಾನರಿಗೆ ಹೊಳೆದದ್ದು ಒಂದು ಮಧ್ಯಾಹ್ನ. (ಅಂಗಡಿಗೂ ಅವರೇ ಯಜಮಾನರು, ಆಕೆಗೂ ಅವರೇ ಯಜಮಾನರು, ಎರಡು ಕಡೆಯೂ ಮಾತು ನಡೆಯುವುದು ಮಾತ್ರ ಆಕೆಯದು.) ಅಂಗಡಿ ಕನ್ನಡಿಗಳದು. ಗೋಡೆ ತುಂಬ ನಲವತ್ತು ಕನ್ನಡಿ. ಒಬ್ಬರು ಆಕಳಿಸಿದರೆ ನಲವತ್ತು ಬಾಯಿ ತೆರೆಯುತ್ತವೆ. ಮೂಲೆಯ ಮೇಜಿನಲ್ಲಿ ಗಾಜು ಕೊರೆಯುತ್ತಿದ್ದ ಆಕೆ "ರೀ, ಅಳತೆಪಟ್ಟಿ ಕೊಡಿ" ಎಂದಾಗ ಆಕೆಯ ದೃಷ್ಟಿ ಅವರ ಕಣ್ಣು, ಹಣೆ ಎಲ್ಲವನ್ನೂ ದಾಟಿ ನೆತ್ತಿಯ ಮೇಲೆಲ್ಲೋ ನಿಂತಿತ್ತು. ನೆತ್ತಿಯ ಮೇಲೆ ಏನಿತ್ತು? ಏನೂ ಇರಲಿಲ್ಲ. ದುಃಖದ ಮೂಲ ಅದೇ.

ಮದುವೆಯ ಹೊಸದರಲ್ಲಿ ಆಕೆ ಕನ್ನಡಿಯೊಳಗಿಂದ ಅವರನ್ನು ಕದ್ದು ನೋಡುತ್ತಾ ಗಾಜನ್ನೆಲ್ಲ ಸೊಟ್ಟಗೆ ಕೊರೆಯುತ್ತಿದ್ದಳು. ಈಗ ಕೂದಲೆಳೆಯಷ್ಟೂ ತಪ್ಪದೆ ನೆಟ್ಟಗೆ ಕೊರೆಯುತ್ತಾಳೆ. ಪ್ರೀತಿ ಬತ್ತಿದ್ದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಹೋದ ಕೂದಲಿನ ಜೊತೆ ಹೋದ ನೋಟವನ್ನೂ ಮರಳಿ ಪಡೆಯಬೇಕೆಂದು ಯಜಮಾನರು ಸಂಕಲ್ಪಿಸಿದರು.

ಚರ್ಮದ ವೈದ್ಯೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅವರದೇ ರಕ್ತವನ್ನು ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ತೇಲುವ ತಿಳಿಹಳದಿ ಪ್ಲಾಸ್ಮಾವನ್ನು ನೆತ್ತಿಗೆ ಚುಚ್ಚುವುದು. ಬೇರು ಜೀವಂತವಾಗಿದ್ದಲ್ಲಿ ಕೂದಲು ಬಂದೀತು, ಆದರೆ ಮಾತು ಕೊಡಲಾಗದು. ಇಷ್ಟು ವರ್ಷ ಹೆಂಡತಿ ಹೀರಿದ ರಕ್ತದಿಂದ ಒಂದೆಳೆಯೂ ಹುಟ್ಟಿರಲಿಲ್ಲವಾದ್ದರಿಂದ ಯಜಮಾನರಿಗೆ ಅಷ್ಟು ಭರವಸೆಯೇ ಧಾರಾಳವಾಯಿತು.

ತಿಂಗಳಿಗೊಮ್ಮೆಯಂತೆ ಮೂರು ಸಲ, ಸಗಟು ಗಾಜಿನವರನ್ನು ಕಂಡುಬರುತ್ತೇನೆಂದು ಸುಳ್ಳು ಹೇಳಿ ಹೋದರು. ಒರಗುಕುರ್ಚಿಯಲ್ಲಿ ಮಲಗಿದರೆ ಯಂತ್ರದ ಗುಂಯ್‌ ಸದ್ದು ಜೋಗುಳದಂತೆ ಕೇಳುತ್ತಿತ್ತು. ಕೊಳವೆಯೊಳಗಿನ ಹಳದಿ, ಎಂದೋ ಕಂಡು ಮರೆತ ಬೆಳಗಿನ ಬಣ್ಣ. ಅರೆನಿದ್ದೆಯಲ್ಲಿ ಅವರ ತಲೆ ಮೆಲ್ಲಗೆ ಹುಲ್ಲುಗಾವಲಾಗುತ್ತಿತ್ತು. ಹುಲ್ಲಿನ ನಡುವೆ ಯಾರದೋ ಬೆರಳುಗಳು ಗಾಳಿಯಂತೆ ಸುಳಿಯುತ್ತಿದ್ದವು. ಆ ಬೆರಳುಗಳಿಗೆ ಗಾಜಿನ ಪುಡಿ ಅಂಟಿತ್ತು. ಆಮೇಲೆ ಸೂಜಿ ಇಳಿಯುತ್ತಿತ್ತು. ಕನಸು ಸಾಲುಸಾಲಾಗಿ ತೂತಾಗುತ್ತಿತ್ತು.

ಆರು ತಿಂಗಳಿಗೆ ನೆತ್ತಿಯ ಮೇಲೆ ಹೊಗೆಯಂಥ ನವಿರು ಮೂಡಿತು. ಯಜಮಾನರು ಬೆಳಕಿರುವ ಕಡೆ ತಲೆ ಬಾಗಿಸಿ ನಿಂತು ಕಾದರು. ಹೆಂಡತಿ ಚಹಾ ಲೋಟ ಹಿಡಿದು ಎದ್ದಳು. ನೇರ ನಡೆದಳು. ಆಳೆತ್ತರದ ಕನ್ನಡಿಯೊಳಗಿದ್ದ ಗಂಡನಿಗೆ ಪ್ರೀತಿಯಿಂದ ಲೋಟ ನೀಡಲು ಹೋಗಿ, ಗಾಜಿಗೆ ಹಣೆ ಚಚ್ಚಿಕೊಂಡಳು.

"ಏನಾಯ್ತೇ?" ಯಜಮಾನರು ಹಿಂದಿನಿಂದ ಓಡಿಬಂದರು.

"ನೀವು ಎಲ್ಲಿದ್ದೀರಿ ಅಂತಾನೇ ಗೊತ್ತಾಗ್ತಿಲ್ಲ ರೀ," ಎಂದಳು ಆಕೆ, ಹಣೆ ಉಜ್ಜುತ್ತಾ. "ಮೊದಲಾದ್ರೆ ಮಾಡಿನ ಗಾಜಿನಿಂದ ಬಿಸಿಲು ನಿಮ್ಮ ನೆತ್ತಿ ಮೇಲೆ ಬಿದ್ದು, ಮೇಲೆ ಚಾವಣಿಯಲ್ಲಿ ಒಂದು ಚಂದ್ರ ಮೂಡ್ತಿತ್ತು. ಅದನ್ನೇ ನೋಡ್ಕೊಂಡು ಮಾತಾಡ್ತಿದ್ದೆ. ನಲವತ್ತು ಜನರಲ್ಲಿ ಚಂದ್ರನ ಕೆಳಗಿರೋನೇ ನನ್ನ ಗಂಡ. ಈಗ ಆ ಚಂದ್ರನೇ ಇಲ್ಲ. ತಲೆಗೆ ಏನ್ಮಾಡ್ಕೊಂಡ್ರಿ?"

ಯಜಮಾನರು ಸಗಟು ಗಾಜಿನಿಂದ ಸೂಜಿಯವರೆಗೆ ಸಕಲವನ್ನೂ ಒಪ್ಪಿಕೊಂಡರು. ಆಕೆ ಚಂದ್ರನಿಲ್ಲದ ಚಾವಣಿಯನ್ನೊಮ್ಮೆ ನೋಡಿದಳು.

"ಸ್ವಂತ ರಕ್ತ ಕೊಟ್ಟು ಗ್ರಹಣ ಹಿಡಿಸ್ಕೊಂಡೋರು ನೀವೊಬ್ರೇ ಇರ್ಬೇಕು."

"ಬೋಳಿಸಿಬಿಡ್ಲಾ?"

"ಬೇಡ. ಅಷ್ಟು ಚುಚ್ಚಿಸ್ಕೊಂಡಿದ್ದೀರಿ, ಪಾಪ." ಗಾಜಿನ ಪುಡಿಯ ಬೆರಳು ನವಿರಿನ ಮೇಲೆ ಒಮ್ಮೆ, ಒಂದೇ ಒಮ್ಮೆ, ಸುಳಿಯಿತು. ಯಜಮಾನರು ಕಣ್ಣು ಮುಚ್ಚಿದರು.

ಕೆಂಪು ಟೋಪಿ ಹಾಕಿಕೊಳ್ಳುತ್ತೇನೆಂದು ಅವರೇ ಸೂಚಿಸಿದರು. "ನೀವು ಟೋಪಿ ಹಾಕೋದರಲ್ಲಿ ನಿಸ್ಸೀಮರು, ಗೊತ್ತು," ಎಂದಳು. "ಆದ್ರೆ ಒಳಗಿರೋ ನಲವತ್ತು ಜನಾನೂ ಹಾಕ್ಕೋತಾರೆ." ಯೋಚಿಸಿ, ಬೀರುವಿನ ಬೀಗದಕೈ ಗೊಂಚಲಿನಿಂದ ಪುಟ್ಟ ಗಂಟೆಯೊಂದನ್ನು ಬಿಚ್ಚಿ ಅವರ ಬಲಗೈಗೆ ಕಟ್ಟಿದಳು. ಬಿಂಬಗಳಿಗೆ ರೂಪವುಂಟು, ಸದ್ದಿಲ್ಲ.

ಈಗ ಆಕೆ ತಲೆ ಎತ್ತುವ ಅಗತ್ಯವೇ ಇಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಯಜಮಾನರು ಸದ್ದಿಲ್ಲದೆ ಕನ್ನಡಿಯೆದುರು ನಿಂತು, ಜೇಬಿನಿಂದ ಬಾಚಣಿಗೆ ತೆಗೆದು ಮೆಲ್ಲನೆ ಎತ್ತುತ್ತಾರೆ.

ಟಿಣ್‌.

"ಬೆಳಗಿನಿಂದ ಇದು ಏಳನೇ ಸಲ," ಎನ್ನುತ್ತಾಳೆ ಹೆಂಡತಿ, ಗಾಜನ್ನು ನೆಟ್ಟಗೆ ಕೊರೆಯುತ್ತಾ. "ಇರೋ ನಾಲ್ಕೂ ಉದುರಿಹೋದಾವು."