ನವಾಬನ ಪಥ್ಯ

ಮಲ್ಕಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೆಂತೆ ಪಲ್ಯದ ಕಟ್ಟು ಬಿಚ್ಚಿ ಎಲೆ ಸೋಸುತ್ತಿದ್ದಳು. ಅರ್ಧ ಕಟ್ಟು ಮುಗಿದಿರಲಿಲ್ಲ, ಹಿತ್ತಲ ಗೋಡೆಯ ಮೇಲಿಂದ ಒಂದು ಬಿದಿರಿನ ಬುಟ್ಟಿ ಇಳಿದು ಬಂತು. ಅದರ ಹಿಂದೆಯೇ ಪಕ್ಕದ ಮನೆಯ ಖುರ್ಷೀದ್ ಬೇಗಂ ಅವರ ಮುಖ ಕಾಣಿಸಿತು. ಇಬ್ಬರೂ ಗೋಡೆಯ ಆಚೀಚೆ ನಿಂತು, ಒಲೆಯ ಮೇಲಿನ ಹಾಲು ಉಕ್ಕಿ ಹರಿಯುವಷ್ಟು ಹೊತ್ತು ಪಿಸುಗುಟ್ಟಿದರು. ಬೇಗಂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಒಳಗೆ ಬಂದಾಗ ಮಲ್ಕಮ್ಮನ ಕೈಯಲ್ಲಿ ಬುಟ್ಟಿ ಇತ್ತು. ಬುಟ್ಟಿಯಲ್ಲಿ ನವಾಬ ಇದ್ದ.

ನವಾಬ ಎಂದರೆ ಬೇಗಂ ಅವರ ಗಂಡ ಬುರ್ಹಾನುದ್ದೀನ್ ಸಾಹೇಬರ ಇಗ್ವಾನಾ. ಸಾಹೇಬರ ತಮ್ಮ ಹೈದರಾಬಾದಿನಿಂದ ತಂದುಕೊಟ್ಟದ್ದು. ಹಸಿರು ಮೈ, ಗದ್ದದ ಕೆಳಗೆ ಜೋಲುವ ಚರ್ಮ, ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲು, ಮೈಗಿಂತ ಉದ್ದದ ಬಾಲ. ಕೋಟೆ ಹತ್ತಿರದ ಆ ಓಣಿಯವರೆಲ್ಲ ಅದನ್ನು ದೊಡ್ಡ ಓತಿಕ್ಯಾತ ಎನ್ನುತ್ತಿದ್ದರು, ಸಾಹೇಬರು ಎದುರಿಗೆ ಇಲ್ಲದಾಗ.

ಸಾಹೇಬರು ಸಹಕಾರಿ ಸಂಘವೊಂದರ ಮ್ಯಾನೇಜರು. ಮಲ್ಕಮ್ಮನ ಗಂಡ ಧರ್ಮಣ್ಣ ಅದೇ ಸಂಘದ ಕಮಲಾಪುರ ಶಾಖೆಯ ಗುಮಾಸ್ತ. ಊರ ಹೆಸರನ್ನು ಬಸ್ಸಿನ ಬೋರ್ಡಿನ ಮೇಲೆ ಇನ್ನೂ ಗುಲಬರ್ಗಾ ಎಂದೇ ಬರೆಯುತ್ತಿದ್ದ ಕಾಲ. ಆ ಬಸ್ಸಿನಲ್ಲಿ ದಿನವೂ ಜೋತಾಡಿ ಹೋಗಿ ಜೋತಾಡಿ ಬರುವ ಧರ್ಮಣ್ಣನಿಗೆ ಒಂದೇ ಆಸೆ, ಊರಿಗೇ ವರ್ಗವಾಗುವುದು. ಅದು ಸಾಹೇಬರ ಒಂದು ಮಾತಿನಲ್ಲಿತ್ತು.

"ಏನ್ರಿ, ಸಾಹೇಬ್ರು ಬೀದರಿಗಿ ಮದುವಿಗಿ ಹೋಗ್ಯಾರ. ಬೇಗಂನೂ ಈಗ ಹೊಂಟಾರ. ಸಂಜಿಗಿ ಇಬ್ಬರೂ ಬರ್ತಾರ. ಅಲ್ಲಿತನಕ ನವಾಬನ್ನ ನೀವೇ ನೋಡ್ಕೋಬೇಕಂತ," ಎಂದಳು ಮಲ್ಕಮ್ಮ.

"ನಾನೇ ಅಂತ ಹೇಳ್ಯಾರ?"

"ನಿಮ್ಮ ಹೆಸರು ಹಿಡದೇ ಹೇಳ್ಯಾರ."

ಧರ್ಮಣ್ಣ ಕೆಂಡದ ಮೇಲಿಟ್ಟ ರೊಟ್ಟಿಯಂತೆ ಉಬ್ಬಿದ. "ಏನ್ ತಿಂತದ ಇದು?"

"ಬರೇ ಹಸಿ ಪಲ್ಯ. ಮೆಂತೆ, ನುಗ್ಗಿ ತಪ್ಪಲ, ದಾಸವಾಳ. ತತ್ತಿ ಗಿತ್ತಿ ಮುಟ್ಟಿಸಬಾರ್ದು. ಆದ್ರ ಒಂದು ತೊಡಕದ ನೋಡ್ರಿ. ತಾನೊಂದೇ ತಿನ್ನಂಗಿಲ್ಲ. ಗಂಡಸರು ಯಾರರ ಎದುರಿಗಿ ಕುಂತು ಅದನ್ನೇ ತಿನ್ನಬೇಕು. ಅಂದ್ರ ಅದೂ ತಿಂತದ."

"ನಾ ಹಸಿ ಪಲ್ಯ ತಿನ್ನಬೇಕಾ?"

"ಮತ್ತ, ಎಣ್ಣ್ಯಾಗ ಕರಿದಿದ್ದರ ವಾಸನಿ ಅದಕ್ಕ ಆಗಂಗಿಲ್ಲ. ಚಾದಾಗ ಸಕ್ರಿ ಹಾಕ್ಕೊಂಡವರ ಹತ್ರ ಬರಂಗಿಲ್ಲ. ಉಂಡ ಮ್ಯಾಲ ಅದರ ಕೂಡ ಒಂದಿಷ್ಟು ಅಡ್ಡಾಡಬೇಕು."

ಧರ್ಮಣ್ಣನ ಉಬ್ಬು ಇಳಿಯಿತು. ಹಸಿ ಪಲ್ಯಕ್ಕೂ ಅವನಿಗೂ ಹೋದ ವಾರದಿಂದ ಯುದ್ಧ ನಡೆದಿತ್ತು. ಡಾಕ್ಟರು ರಕ್ತ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದ ಕೂಡಲೇ ಅವನು ಸಿಟ್ಟಿನಿಂದ ಎದ್ದು ಹೊರಗೆ ಹೋಗಿದ್ದ. ಮುಂದಿನ ಮಾತನ್ನು ಒಳಗೆ ಕೂತು ಕೇಳಿಸಿಕೊಂಡವರು ಹೆಂಡತಿ ಮತ್ತು ಮಗಳು. ಅಂದಿನಿಂದ ತಾಟಿನಲ್ಲಿ ರೊಟ್ಟಿಗಿಂತ ಸೊಪ್ಪು ತಪ್ಪಲೇ ಹೆಚ್ಚು ಬೀಳತೊಡಗಿತ್ತು. ಧರ್ಮಣ್ಣ ಅದನ್ನು ಕಿಟಕಿಯಿಂದ ಹಿಂದಿನ ಮನೆಯ ಇಮಾಮಬಿಯ ಆಡಿಗೆ ದಾಟಿಸುತ್ತಿದ್ದ. ಒಂದೇ ವಾರದಲ್ಲಿ ಆಡಿನ ಮೈ ಮಿರುಗುತ್ತಿತ್ತು.

ಮಗಳು ಬಂಡಿ, ಬುಟ್ಟಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಅಜ್ಜಿ ಬಂಡಮ್ಮನ ಹೆಸರಿನ ಜೊತೆಗೆ ಅಜ್ಜಿಯ ಕೆದಕುವ ಗುಣವೂ ಅವಳಿಗೆ ಬಂದಿತ್ತು. "ಅವ್ವಾ, ಒಂದು ಕೇಳ್ಲೇನು? ಡಾಕ್ಟರು..."

ಮಲ್ಕಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರೊಂದನ್ನು ಮಗಳ ಬಾಯಿಗಿಟ್ಟಳು. "ಮೊದಲು ಇದು ಕರಗಲಿ, ಆಮ್ಯಾಲ ಕೇಳು."

ಧರ್ಮಣ್ಣ ಚಕ್ಕಳಮಕ್ಕಳ ಹಾಕಿ ಕೂತ. ಕಣ್ಣು ಮುಚ್ಚಿ ಮೆಂತೆಯ ಒಂದು ಎಳೆಯನ್ನು ಬಾಯಿಗಿಟ್ಟು ಅಗಿದ. ನವಾಬ ಒಂದು ಕಣ್ಣು ತಿರುಗಿಸಿ ಅವನನ್ನು ನೋಡಿ, ತಾನೂ ಒಂದು ಎಳೆಯನ್ನು ಎಳೆದುಕೊಂಡ.

"ತಿಂತು ನೋಡು, ತಿಂತು," ಎಂದ ಧರ್ಮಣ್ಣ. ಸಂತೋಷಕ್ಕೆ ಇನ್ನೊಂದು ಹಿಡಿ ಮೆಂತೆ ತಿಂದ. ಸಕ್ಕರೆ ಇಲ್ಲದ ಚಹಾ ಕುಡಿದ. ಅಂಗಳದಲ್ಲಿ ಬುಟ್ಟಿ ಹಿಡಿದು ಅಡ್ಡಾಡಿದ. ಎಲ್ಲ ಮುಗಿಸಿ, "ಮಧ್ಯಾಹ್ನ ಯಾರು ತಿನ್ನಿಸೋರು?" ಎಂದ.

ಇದನ್ನು ಮಲ್ಕಮ್ಮ ಯೋಚಿಸಿರಲಿಲ್ಲ. "ಒಂದು ಹೊತ್ತು ಬಿಟ್ರ ಏನಾಗಂಗಿಲ್ಲ ಬಿಡ್ರಿ."

"ಸಾಹೇಬ್ರ ಜೀವ ಅದು. ಅದು ಸೊರಗಿದ್ರ ನನ್ನ ವರ್ಗ ಸೊರಗ್ತದ. ನಾ ಕಮಲಾಪುರಕ್ಕ ಒಯ್ತೀನಿ."

"ಅಲ್ಲಿತನಕ ಬ್ಯಾಡ್ರಿ," ಎಂದು ಮಲ್ಕಮ್ಮ ಬಾಗಿಲವರೆಗೆ ಓಡಿ ಬಂದಳು. ಅಷ್ಟರಲ್ಲಿ ಧರ್ಮಣ್ಣ, ಬುಟ್ಟಿ, ಒಂದು ಕಟ್ಟು ಮೆಂತೆ ಮೂರೂ ಓಣಿಯ ತಿರುವು ದಾಟಿದ್ದವು. ಬಂಡಿ ಮತ್ತೆ ಬಾಯಿ ತೆರೆದಳು. ಮತ್ತೊಂದು ಬೆಲ್ಲದ ಚೂರು ಖರ್ಚಾಯಿತು.

ಬಸ್ಸಿನಲ್ಲಿ ಬುಟ್ಟಿಗೆ ಹಳೆಯ ಸೀರೆಯ ತುಂಡು ಮುಚ್ಚಿದ್ದ. ಆದರೆ ನವಾಬನ ಬಾಲಕ್ಕೆ ಬುಟ್ಟಿ ಸಾಲಲಿಲ್ಲ. ಅದು ಹೊರಗೆ ಇಳಿದು ಪಕ್ಕದಲ್ಲಿದ್ದ ಮುದುಕಿಯ ಮಡಿಲಿಗೆ ಒರಗಿತು.

"ತಮ್ಮಾ, ಪಡವಲಕಾಯಿ ಛಲೋ ಅದ. ಎಲ್ಲಿ ತಂದಿ?" ಎಂದು ಮುದುಕಿ, ಎಳೆಯದೋ ಬಲಿತದ್ದೋ ನೋಡಲು ಉಗುರಿನಿಂದ ಒತ್ತಿದಳು. ಪಡವಲಕಾಯಿ ಸರ್ರನೆ ಒಳಗೆ ಹೋಯಿತು. ಮುದುಕಿ ಎದ್ದು ಕಮಲಾಪುರದವರೆಗೂ ನಿಂತೇ ಬಂದಳು.

ಮಧ್ಯಾಹ್ನ ಕಚೇರಿಯ ಮೂಲೆಯಲ್ಲಿ ಧರ್ಮಣ್ಣ ಪಲ್ಯ ಹರಡಿ ಕೂತ. ರಸ್ತೆಯಾಚೆ ಮೈಬೂಬನ ತಳ್ಳುಗಾಡಿಯಲ್ಲಿ ಮಿರ್ಚಿ ಭಜಿ ಎಣ್ಣೆಯಲ್ಲಿ ಹೊರಳುತ್ತಿತ್ತು. ದಿನವೂ ಅದರ ಮುಂದೆ ಮೊದಲು ನಿಲ್ಲುವವನು ಧರ್ಮಣ್ಣನೇ. ಇಂದು ಉಸಿರು ಬಿಗಿಹಿಡಿದು ಮೆಂತೆ ಅಗಿದ. ನವಾಬ ನೋಡಿದ, ಕಣ್ಣು ಮುಚ್ಚಿದ. ಧರ್ಮಣ್ಣ ಇನ್ನೊಂದು ಹಿಡಿ ತಿಂದು, "ಏನ್ ರುಚಿ ಅದ ಅಂತಿ," ಎಂದು ಚಪ್ಪರಿಸಿದ. ನವಾಬ ಇನ್ನೊಂದು ಕಣ್ಣನ್ನೂ ಮುಚ್ಚಿದ.

ಜವಾನ ದೌಲಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. "ಧರ್ಮಣ್ಣೋರೆ, ಮನ್ಯಾಗ ಏನರ ಜಗಳ ಆಗ್ಯಾದೇನ್ರಿ?"

ಧರ್ಮಣ್ಣ ವಿಷಯ ಹೇಳಿದ. ಹೇಳಬಾರದಿತ್ತು. ಗೊಬ್ಬರಕ್ಕೆ ಬಂದ ರೈತರೂ ಸೇರಿ ಕಚೇರಿಗೆ ಕಚೇರಿಯೇ ನವಾಬನ ಹೊಟ್ಟೆಯ ಚಿಂತೆಗೆ ಬಿತ್ತು.

"ಮೆಂತೆ ಕಹಿ ಇರ್ತದ್ರಿ, ನುಗ್ಗಿ ತಪ್ಪಲ ತಿಂದು ತೋರಸ್ರಿ," ಎಂದ ಒಬ್ಬ. ಧರ್ಮಣ್ಣ ತಿಂದ.

"ಕುಂಬಳದ ಕುಡಿ ಮೆತ್ತಗಿರ್ತದ." ಅದನ್ನೂ ತಿಂದ.

ದೌಲಪ್ಪ ಗುಡಿಯ ಕಡೆಯಿಂದ ದಾಸವಾಳ ಕಿತ್ತು ತಂದ. ಸಾಹೇಬರ ಮುಖ ನೆನೆಸಿಕೊಂಡು ಧರ್ಮಣ್ಣ ಕೆಂಪು ಹೂವೊಂದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಎಲ್ಲರೂ ನವಾಬನನ್ನು ಬಿಟ್ಟು ಇವನನ್ನೇ ನೋಡತೊಡಗಿದರು. ಗೊಬ್ಬರ ಕೇಳುವುದು ಯಾರಿಗೂ ನೆನಪಾಗಲಿಲ್ಲ.

"ಮೊದಲು ಅಡ್ಡಾಡಿಸ್ರಿ, ಹಸಿವಾದ್ರ ತಿಂತದ," ಎಂದ ದೌಲಪ್ಪ. ನವಾಬನ ನಡುವಿಗೆ ದಾರ ಕಟ್ಟಿ ಅಂಗಳಕ್ಕೆ ಇಳಿಸಿದರು. ಬಿಸಿಲು ಬೆನ್ನಿಗೆ ತಾಗಿದ್ದೇ ತಡ, ನವಾಬ ದಾರದಿಂದ ನುಸುಳಿ ಬೇವಿನ ಮರ ಏರಿದ. ಅಲ್ಲಿ ಕೂತು ಬಾಲ ಜೋತುಬಿಟ್ಟ.

ಧರ್ಮಣ್ಣನಿಗೆ ಮರದ ಮೇಲೆ ಕೂತದ್ದು ನವಾಬ ಅಲ್ಲ, ತನ್ನ ವರ್ಗವೇ ಎನಿಸಿತು. "ಇಳಿಯೋ ನಮ್ಮಪ್ಪ," ಎಂದು ಕೈ ಮುಗಿದ.

"ಅದು ಎಲ್ಲದನೋ ಅಲ್ಲಿನ ಎಲೀನೇ ನೀವೂ ತಿನ್ನಬೇಕಲ್ರಿ," ಎಂದು ದೌಲಪ್ಪ ಗಂಭೀರವಾಗಿ ಬೇವಿನ ಟೊಂಗೆಯೊಂದನ್ನು ಬಗ್ಗಿಸಿ ಹಿಡಿದ. "ಎರಡೇ ಎಲಿ ಅಗೀರಿ."

ಧರ್ಮಣ್ಣ ಅಗಿದ. ಮುಖ ಹಿಂಡಿದ ಬಟ್ಟೆಯಾಯಿತು. ಕಣ್ಣಲ್ಲಿ ನೀರು ಬಂತು. ನವಾಬ ಇನ್ನೊಂದು ಕೊಂಬೆ ಮೇಲೇರಿದ.

ಕೊನೆಗೆ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಹಣಮಮ್ಮ ಗದ್ದಲ ಕೇಳಿ ಬಂದಳು. ಮಾತಿಲ್ಲದೆ ಒಂದು ಹಣ್ಣು ಸುಲಿದು ಮರದ ಬುಡಕ್ಕಿಟ್ಟು ದೂರ ನಿಂತಳು. ನವಾಬ ಮಾವನ ಮನೆಗೆ ಬಂದ ಅಳಿಯನಂತೆ ಒಂದೊಂದೇ ಹೆಜ್ಜೆ ಇಡುತ್ತ ಇಳಿದು ಬಂದು ಹಣ್ಣು ಮುಗಿಸಿದ. ಹಣಮಮ್ಮ ಏನನ್ನೂ ತಿಂದು ತೋರಿಸಿರಲಿಲ್ಲ. ಆದರೆ ಆ ಸಂತೋಷದಲ್ಲಿ ಅದು ಧರ್ಮಣ್ಣನ ಗಮನಕ್ಕೆ ಬರಲಿಲ್ಲ. ಅವಳ ಬುಟ್ಟಿಯಲ್ಲಿದ್ದ ಕೆಂಪು ಹಣ್ಣನ್ನೆಲ್ಲ ಕೊಂಡ. ಹೊಲದಿಂದ ಆಗಷ್ಟೇ ಬಂದ ಎಳೆಯ ಪಲ್ಯವನ್ನೂ ಕೊಂಡ.

ಸಂಜೆ ಸಾಹೇಬರ ಅಂಗಳಕ್ಕೆ ಧರ್ಮಣ್ಣ ಹೆಂಡತಿ ಮಗಳೊಂದಿಗೆ ಬುಟ್ಟಿ ಹೊತ್ತು ಬಂದ. ಸಾಹೇಬರು ಆರಾಮ ಕುರ್ಚಿಯಲ್ಲಿ ಕೂತು ಚಹಾದ ಜೊತೆ ಬಿಸಿ ಮಿರ್ಚಿ ಭಜಿ ತಿನ್ನುತ್ತಿದ್ದರು.

"ಆವೋ ಧರ್ಮಣ್ಣಾ, ಬರ್ರಿ. ನಮ್ಮ ನವಾಬ ತಕಲೀಫ್ ಕೊಟ್ಟಿಲ್ಲಲ್ಲ?"

"ಛೇ, ಛೇ. ಸಣ್ಣ ಕೂಸಿನಂಗ ಇತ್ರಿ," ಎಂದ ಧರ್ಮಣ್ಣ. ನಾಲಿಗೆಯ ಮೇಲೆ ಬೇವು ಇನ್ನೂ ಇತ್ತು.

ಸಾಹೇಬರು ಕಮಲಾಪುರದ ಪಲ್ಯವನ್ನೂ ಹಣ್ಣನ್ನೂ ನವಾಬನ ಮುಂದೆ ಸುರಿದು, ಬೆನ್ನು ತಿರುಗಿಸಿ ಚಹಾ ಹೀರಿದರು. ನವಾಬ ಯಾರ ಮುಖವನ್ನೂ ನೋಡದೆ ಕಬಕಬ ತಿನ್ನತೊಡಗಿದ.

ಧರ್ಮಣ್ಣನಿಗೆ ಏನೋ ಸರಿ ಕಾಣಲಿಲ್ಲ. "ಸಾಹೇಬ್ರ, ತಾನೊಂದೇ ತಿನ್ನಾಕತ್ತದಲ್ರಿ."

"ಇಂಥಾ ತಾಜಾ ಪಲ್ಯ ಸಿಕ್ರ ಯಾರು ಬಿಡ್ತಾರ?" ಎಂದರು ಸಾಹೇಬರು ಹಿಗ್ಗಿ. "ಇಲ್ಲಿ ಪೇಟ್ಯಾಗ ಬಾಡಿದ್ದೇ ಸಿಗ್ತದ. ಧರ್ಮಣ್ಣಾ, ನಿಮ್ಮ ವರ್ಗದ ಮಾತು ನನಗ ನೆನಪದ. ಈ ತಿಂಗಳೇ ಮಾಡಬೇಕಂತಿದ್ದೆ. ಆದ್ರ ನೀವು ಇಲ್ಲಿಗಿ ಬಂದ್ರ ನಮ್ಮ ನವಾಬಗ ಕಮಲಾಪುರದಿಂದ ಇದನ್ನ ದಿನಾ ತರೋರು ಯಾರು? ಇನ್ನೊಂದೆರಡು ವರ್ಷ ಅಲ್ಲೇ ಇರ್ರಿ. ಅಲ್ಲಿಯ ಆಬೋಹವಾ, ನೀರು-ಗಾಳಿ ನಿಮಗೂ ಹಿಡಿಸ್ಯಾದ, ಮುಖದ ಮ್ಯಾಲ ಕಳಿ ಬಂದದ."

ಧರ್ಮಣ್ಣನ ಕೈ ತಾನಾಗಿಯೇ ಭಜಿಯ ತಟ್ಟೆಯ ಕಡೆ ಹೊರಟಿತು.

"ಬ್ಯಾಡ್ರಿ," ಎಂದಳು ಮಲ್ಕಮ್ಮ, ಬೆಳಗಿನ ರೂಢಿಯಲ್ಲೇ. "ಕರಿದಿದ್ದರ ವಾಸನಿ ನವಾಬಗ ಆಗಂಗಿಲ್ಲ."

ಸಾಹೇಬರು ತಮ್ಮ ಕೈಯಲ್ಲಿದ್ದ ಭಜಿಯನ್ನು ನೋಡಿದರು. ಆಮೇಲೆ ಅವರ ಕಾಲ ಬಳಿಯೇ ಕೂತು ಪಲ್ಯ ಮೆಲ್ಲುತ್ತಿದ್ದ ನವಾಬನನ್ನು ನೋಡಿದರು. ಬಾಗಿಲಲ್ಲಿದ್ದ ಬೇಗಂ ಅವಸರವಾಗಿ ಒಳಗೆ ಹೋದರು. ಧರ್ಮಣ್ಣ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

ಬಂಡಿ ಬಾಯಿ ತೆರೆಯುವುದು ಮಲ್ಕಮ್ಮನಿಗೆ ಕಂಡಿತು. ಕೈ ಸೆರಗಿನ ಗಂಟಿಗೆ ಹೋಯಿತು. ಗಂಟು ಸಡಿಲಾಗಿತ್ತು. ಬೆಲ್ಲವೆಲ್ಲ ಮುಗಿದಿತ್ತು.

"ಅವ್ವಾ," ಎಂದಳು ಬಂಡಿ, ಅಂಗಳಕ್ಕೆಲ್ಲ ಕೇಳುವಂತೆ. "ಹಸಿ ಪಲ್ಯ ತಿನ್ನಬೇಕು, ಕರಿದಿದ್ದು ಬ್ಯಾಡ, ಚಾಕ್ಕ ಸಕ್ರಿ ಬ್ಯಾಡ, ಉಂಡ ಮ್ಯಾಲ ಅಡ್ಡಾಡಬೇಕು ಅಂತ ಡಾಕ್ಟರು ಹೇಳಿದ್ದು ಅಪ್ಪಗಲ್ಲೇನು? ಈಗ ನವಾಬಗೂ ಸಕ್ರಿ ಬ್ಯಾನಿ ಬಂದದೇನು?"