ಸೊಪ್ಪನ್ನು ಸೋಪು ಮಾಡಿದ ಮಹನೀಯರಿಗೆ

ನಮ್ಮ ಪತ್ರಿಕಾ ಕಚೇರಿಯ ಕಂಪ್ಯೂಟರಿನೊಳಗೆ ಎರಡು ತಿಂಗಳಿಂದ ಬಿಡಾರ ಹೂಡಿರುವ ಕಾಗುಣಿತ ತಿದ್ದುವ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಇರುವವರೆಗೂ ತಮ್ಮ ಕ್ಷೇಮಕ್ಕೇನು ಕೊರತೆ. ನಾನು ಇದೇ ಪತ್ರಿಕೆಯ ಏಳನೇ ಪುಟದಲ್ಲಿ ಹದಿನೆಂಟು ವರ್ಷಗಳಿಂದ 'ಅಡುಗೆ ಮತ್ತು ಅಚ್ಚುಕಟ್ಟು' ಎಂಬ ಅಂಕಣ ಬರೆಯುತ್ತಿರುವವಳು. ವಾರಕ್ಕೊಂದು ಅಡುಗೆ, ಅದರ ಪಕ್ಕದಲ್ಲಿ ಮನೆ ಚೊಕ್ಕಟವಾಗಿಡುವ ಬಗ್ಗೆ ಒಂದು ಉಪದೇಶ. ಇಸ್ತ್ರಿ ಕಾಣದ ಬಟ್ಟೆಯ ರಾಶಿಯನ್ನು ಕುರ್ಚಿಯಿಂದ ಮಂಚಕ್ಕೆ ವರ್ಗಾಯಿಸಿ, ಅದೇ ಕುರ್ಚಿಯಲ್ಲಿ ಕೂತು 'ಕಪಾಟು ಜೋಡಿಸುವ ಕಲೆ' ಬರೆದವಳೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನನ್ನ ನಾದಿನಿ ಆಡಿಕೊಳ್ಳುತ್ತಾಳೆ, ಆಡಿಕೊಳ್ಳಲಿ ಬಿಡಿ. ನಮ್ಮ ಯಜಮಾನರ ಪಾಡು ಇನ್ನೂ ಕಷ್ಟದ್ದು. ಫೋಟೋಗೆಂದು ನಾನು ತಟ್ಟೆಯನ್ನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೊತ್ತು ತಿರುಗಿ ಮುಗಿಸುವಷ್ಟರಲ್ಲಿ ಊಟ ಆರಿಹೋಗಿರುತ್ತದೆ, ಆದ್ದರಿಂದ ಬಿಸಿಯಾದದ್ದನ್ನು ತಿಂದ ನೆನಪೇ ಅವರಿಗಿಲ್ಲ.

ತಾವು ಬಂದ ವಾರವೇ ಸಂಪಾದಕರು ನನ್ನನ್ನು ಕರೆದು, ವರ್ಷದಿಂದ ಅಂಕಣಕ್ಕೆ ಒಂದೂ ಪತ್ರ ಬಂದಿಲ್ಲ, ಓದುವವರೇ ಇಲ್ಲದ ಮೇಲೆ ಮುಚ್ಚಿಬಿಡೋಣ ಎಂದರು. ಕೈಕಾಲು ಹಿಡಿಯುವುದೊಂದು ಬಾಕಿಯಿಟ್ಟು ಎರಡು ತಿಂಗಳ ಗಡುವು ಪಡೆದು, ಇದ್ದಬದ್ದ ವಿದ್ಯೆಯನ್ನೆಲ್ಲ ಸುರಿದು 'ಸೊಪ್ಪಿನ ಸೂಪು' ಬರೆದು ತಮ್ಮ ಕೈಗೊಪ್ಪಿಸಿದೆ.

ಅದು 'ಸೋಪಿನ ಸೂಪು' ಆಗಿ ಅಚ್ಚಾಯಿತು. ಎರಡು ಹಿಡಿ ಸೋಪನ್ನು ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ಕುದಿಯುವ ನೀರಿಗೆ ಹಾಕಬೇಕಂತೆ. ನೊರೆ ಬಂದರೆ ಹೆದರಬೇಡಿ ಎಂಬ ಸಾಲು ಮಾತ್ರ ನನ್ನದೇ, ಅದರ ಒಂದಕ್ಷರವನ್ನೂ ತಾವು ಮುಟ್ಟಿರಲಿಲ್ಲ. ಬೆಳಗ್ಗೆ ಮೊದಲು ಫೋನು ಮಾಡಿದ ನಿವೃತ್ತ ಶಿಕ್ಷಕಿಯೊಬ್ಬರು ಬಹಳ ಗಂಭೀರವಾಗಿ ಕೇಳಿದ್ದು ಇಷ್ಟೇ: "ಮೈಗೆ ಹಚ್ಚೋ ಸೋಪಾಮ್ಮಾ, ಬಟ್ಟೆ ಸೋಪಾ?"

ಆ ವಾರ ಅರವತ್ತಮೂರು ಪತ್ರಗಳು ಬಂದವು. ಹದಿನೆಂಟು ವರ್ಷ ಹದ ತಪ್ಪದಂತೆ ಬರೆದದ್ದಕ್ಕೆ ಬಾರದಷ್ಟು ಪತ್ರ ಒಂದು ತುಂಡು ಸೋಪಿಗೆ ಬಂದಿತಲ್ಲ ಎಂದು ನನಗೆ ನಿಜಕ್ಕೂ ಅಳು ಬಂತು. ಆದರೆ ಪತ್ರ ಬರೆದವರಲ್ಲಿ ಬಹುಪಾಲು ಜನ ಕೊನೆಯ ಸಾಲಿನವರೆಗೂ ಓದಿದ್ದರು ಎಂಬುದು ತಿಳಿದು ಅಷ್ಟೇ ನಗುವೂ ಬಂತು. ಸಂಪಾದಕರು ಹಿರಿಹಿರಿ ಹಿಗ್ಗಿ, ಪತ್ರಗಳು ಹೀಗೇ ಬರುವವರೆಗೂ ಅಂಕಣ ನಡೆಯಲಿ ಎಂದರು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಎಂಜಿನಿಯರು ತಮ್ಮನ್ನು ರಿಪೇರಿ ಮಾಡಿಬಿಟ್ಟರು. ಅಂದಿನಿಂದ ತಾವು ಒಂದು ಕೊಂಬಿನಲ್ಲಾಗಲಿ, ಒಂದು ಒತ್ತಕ್ಷರದಲ್ಲಾಗಲಿ ತಪ್ಪಿಲ್ಲ. ನನಗೆ ಒಂದೇ ಒಂದು ಪತ್ರವೂ ಬಂದಿಲ್ಲ. ಸೋಮವಾರಕ್ಕೆ ಆ ಎರಡು ತಿಂಗಳ ಗಡುವೂ ಮುಗಿಯುತ್ತದೆ. ಆದ್ದರಿಂದ ತಮ್ಮ ಪಾಂಡಿತ್ಯಕ್ಕೆ ಅಡ್ಡಬಿದ್ದು ಬೇಡುವುದೇನೆಂದರೆ, ವಾರಕ್ಕೊಂದು ತಪ್ಪನ್ನು ದಯಪಾಲಿಸಬೇಕು. ಯಾರ ಹೊಟ್ಟೆಯೂ ಕೆಡದಂಥ, ಮರ್ಯಾದಸ್ಥರ ಮನೆಯಲ್ಲಿ ಗಟ್ಟಿಯಾಗಿ ಓದಬಹುದಾದಂಥ ತಪ್ಪಾಗಿರಲಿ. ಶ್ರದ್ಧಾಂಜಲಿಯ ಪುಟವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಅಲ್ಲಿ ಸತ್ತವರ ಬದಲು ಶ್ರದ್ಧಾಂಜಲಿ ಕೊಟ್ಟವರ ಹೆಸರು ಬಂದೀತು.

ತಮ್ಮ ತಪ್ಪನ್ನೇ ನಂಬಿ ಬದುಕಿರುವ,
ತಮ್ಮ ವಿಶ್ವಾಸಿ,
ಏಳನೇ ಪುಟದವಳು

ತಾ.ಕ.: ತಮಗೇಕೆ ಶ್ರಮವೆಂದು ನಿನ್ನೆ ನಾನೇ 'ಹಿಟ್ಟನ್ನು ಚೆನ್ನಾಗಿ ನಾದಿ' ಎನ್ನುವಲ್ಲಿ ಬೇಕೆಂದೇ 'ಹಿಟ್ಟನ್ನು ಚೆನ್ನಾಗಿ ಓದಿ' ಎಂದು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತಾವು ಅದನ್ನು ತಿದ್ದಿದಿರಿ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಸಂಪಾದಕರು ನನ್ನ ಮೇಜಿನವರೆಗೂ ನಡೆದು ಬಂದು, ಅಂಕಣ ಇಷ್ಟು ಶುದ್ಧವಾಗಿ ಎಂದೂ ಬಂದಿರಲಿಲ್ಲವೆಂದು ಬಾಯಿತುಂಬ ಹೊಗಳಿದರು. ನನ್ನನ್ನಲ್ಲ, ತಮ್ಮನ್ನು.