ಹತ್ತರಿಂದ ಹದಿನೈದು ಪಸ್ ಸೆಲ್

ನಾಲ್ಕು ಜನರೆದುರು ಆಡಬಾರದ ಮಾತುಗಳಲ್ಲಿ ಮೂತ್ರದ ಮಾತು ಮೊದಲನೆಯದು ಎಂದು ನಾನು ಐವತ್ತೆಂಟು ವರ್ಷ ನಂಬಿಕೊಂಡು ಬಂದಿದ್ದೆ. ಆ ವರ್ಷ ಅರಸೀಕೆರೆಯಲ್ಲಿ ನನ್ನನ್ನು ಬಲ್ಲವರೆಲ್ಲ ನನ್ನೆದುರೇ ನಿಂತು ಅದೊಂದನ್ನೇ ಮಾತಾಡಿದರು. ನನ್ನದು ಹೆಂಗಸರ ಬ್ಲೌಸ್ ಹೊಲಿಯುವ ಅಂಗಡಿ. ಅಳತೆ ಕೊಡಲು ಬಂದವರು ತೋಳು ಎಷ್ಟುದ್ದ, ಕತ್ತು ಎಷ್ಟು ಆಳ ಎಂಬುದನ್ನೆಲ್ಲ ಹೇಳಿ ಮುಗಿಸಿ, ಬಾಗಿಲ ಬಳಿ ಹೋಗಿ ತಿರುಗಿ, "ಈಗ ಎಷ್ಟಕ್ಕೆ ಬಂತಣ್ಣ, ಇಳೀತಾ?" ಎಂದು ಕೇಳುವರು. ಇಳಿದಿಲ್ಲ ಎಂದರೆ ಒಂದು ಔಷಧಿ ಹೇಳಿಯೇ ಹೋಗುವರು. ನಾಚಿಕೆಯೆಂಬುದು ಎರಡು ವಾರ ಇತ್ತು. ಆಮೇಲೆ ಅದೂ ಬೇಸತ್ತು ಹೋಯಿತು.

ಇದೆಲ್ಲ ಶುರುವಾದದ್ದು ಕಣ್ಣಿನಿಂದ. ನನ್ನ ಹೆಂಡತಿ ಸರೋಜ ಇದ್ದಾಗ ಅಂಗಡಿಯಲ್ಲಿ ನನ್ನೆದುರು ಚಾಪೆಯ ಮೇಲೆ ಕೂತು ಕಾಜಾ, ಹುಕ್ಕು, ಅಂಚಿನ ಕೈಹೊಲಿಗೆ ಎಲ್ಲ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಎದೆ ಭಾರ ಎಂದು ಮಲಗಿದವಳು ಏಳಲಿಲ್ಲ. ಆಮೇಲೆ ಅಂಗಡಿ ತೆಗೆದು ಮೆಷಿನ್ನಿನ ಮುಂದೆ ಕೂತ ಮೊದಲ ದಿನವೇ ನನ್ನ ಬಲಗಣ್ಣಿನಲ್ಲಿ ಪೊರೆ ಬಂದಿರುವುದು ಗೊತ್ತಾಯಿತು. ಪೊರೆ ಅವಳಿದ್ದಾಗಲೂ ಇತ್ತು. ಆದರೆ ಸೂಜಿ ನನ್ನ ಕೈಗೆ ಬರುವಾಗ ದಾರ ಪೋಣಿಸಿಕೊಂಡೇ ಬರುತ್ತಿತ್ತು. ಈಗ ದಾರ ಒಂದು ಕಡೆ, ಸೂಜಿಯ ಕಣ್ಣು ಇನ್ನೊಂದು ಕಡೆ. ನೀಲಿ ಬ್ಲೌಸಿಗೆ ಹಸಿರು ದಾರ ಹಾಕಿ ಬೈಸಿಕೊಂಡೆ. ಒಬ್ಬ ಹುಡುಗಿಯ ನಿಶ್ಚಿತಾರ್ಥದ ಬ್ಲೌಸಿಗೆ ಎಡತೋಳನ್ನು ಬಲಕ್ಕೆ ಕೂರಿಸಿದೆ. ಆಪರೇಷನ್ ಆಗದಿದ್ದರೆ ಅಂಗಡಿ ಮುಚ್ಚುವುದೊಂದೇ ದಾರಿ. ಹೊಲಿಗೆ ಬಿಟ್ಟರೆ ನನಗೆ ಇನ್ನೊಂದು ಕೆಲಸ ಬರುವುದಿಲ್ಲ. ಅಂಗಡಿ ಬಿಟ್ಟರೆ ಹಗಲು ಹೊತ್ತು ಕೂರಲು ಮನೆ, ಮನೆಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಹಾಸನದ ಕಣ್ಣಿನ ಡಾಕ್ಟರು ದಿನ ಕೊಟ್ಟರು. ಅದಕ್ಕೆ ಮುಂಚೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ತನ್ನಿ ಎಂದರು. ಚೀಟಿಯಲ್ಲಿ ಬಂತು: ಪಸ್ ಸೆಲ್ ಹತ್ತರಿಂದ ಹದಿನೈದು. ಐದರೊಳಗೆ ಇರಬೇಕಂತೆ. ಮೈಯಲ್ಲಿ ಎಲ್ಲೇ ಸೋಂಕಿದ್ದರೂ ಕಣ್ಣಿಗೆ ಕೈ ಹಾಕುವುದಿಲ್ಲ, ವಾಸಿ ಮಾಡಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು. ಕಣ್ಣು ಇರುವುದೆಲ್ಲಿ, ಮೂತ್ರ ಇರುವುದೆಲ್ಲಿ! ಉರಿಯಿಲ್ಲ, ಜ್ವರವಿಲ್ಲ, ನೋವಿಲ್ಲ. ಹೊರಗಿನಿಂದ ನೋಡಿದರೆ ನನ್ನಷ್ಟು ಒಳ್ಳೆಯ ಮೂತ್ರ ತಾಲ್ಲೂಕಿನಲ್ಲಿ ಇನ್ನೊಬ್ಬರದಿರಲಿಲ್ಲ.

ಊರಿನ ಲ್ಯಾಬಿನವನಿಗೆ ಮೊದಲ ಅನುಮಾನ ಬಂದದ್ದು ನನ್ನ ಬಾಟಲಿಯ ಮೇಲೆ. ಅದು ಉಪ್ಪಿನಕಾಯಿಯ ಬಾಟಲಿ. ಮೂರು ಸಲ ತೊಳೆದಿದ್ದೆ. ಅವನು ಮೂಸಿ ನೋಡಿ, ನಿಂಬೆಕಾಯೋ ಮಾವಿನಕಾಯೋ ಎಂದು ಕೇಳಿದ. ಆಮೇಲೆ ತಾನೇ ಒಂದು ಡಬ್ಬಿ ಕೊಟ್ಟು, ಮೊದಲು ಬಂದದ್ದು ಬೇಡ, ಕೊನೆಗೆ ಬಂದದ್ದು ಬೇಡ, ಮಧ್ಯದ್ದು ಮಾತ್ರ ಹಿಡಿಯಿರಿ ಎಂದ. ಮೂವತ್ತೈದು ವರ್ಷ ಕಾಲಿಂಚಿನ ಲೆಕ್ಕದಲ್ಲಿ ಬಟ್ಟೆ ಕತ್ತರಿಸಿದವನು ನಾನು. ಆದರೆ ಬಟ್ಟೆ ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಇದಕ್ಕೆ ಆರಂಭ ಯಾವುದು, ಮಧ್ಯ ಯಾವುದು ಎಂದು ಗುರುತು ಹಾಕುವುದರೊಳಗೆ ಮುಗಿದುಹೋಗಿರುತ್ತದೆ. ಮೂರನೆಯ ಬೆಳಿಗ್ಗೆ ಹೇಗೋ ಮಧ್ಯ ಸಿಕ್ಕಿತು. ಪಸ್ ಸೆಲ್ ಮತ್ತೆ ಹತ್ತರಿಂದ ಹದಿನೈದು.

ಪಸ್ ಎಂದರೆ ಕೀವು ಎಂದು ಯಾರೋ ನನ್ನ ಅಕ್ಕನಿಗೆ ಹೇಳಿಬಿಟ್ಟರು. ಅಕ್ಕ ಬಾಣಾವರದಿಂದ ಬಸ್ಸು ಹತ್ತಿ ಬಂದಳು, ಕೈಯಲ್ಲಿ ಬಾರ್ಲಿ, ಚೀಲದಲ್ಲಿ ಬಾಳೆದಿಂಡು. "ಒಳಗೆ ಕೀವಾಗೈತಂತೆ, ಇಲ್ಲಿ ಬ್ಲೌಸ್ ಹೊಲ್ಕೊಂಡ್ ಕೂತವ್ನೆ. ಉಷ್ಣ ಕಣೋ ಇದು. ಎಳನೀರ ಊರಲ್ಲಿದ್ಕಂಡು ಕಾಪಿ ಕುಡೀತೀಯ" ಎಂದು ಒಂದು ವಾರ ನನ್ನನ್ನು ಹಸುವಿನಂತೆ ಸಾಕಿದಳು. ಅಷ್ಟೆಲ್ಲ ಕುಡಿದವನು ಎಲ್ಲಿಗೆ ಹೋಗಬೇಕೆಂಬುದನ್ನು ಅವಳು ಯೋಚಿಸಿರಲಿಲ್ಲ. ನನ್ನ ಅಂಗಡಿಗೆ ಪಾಯಿಖಾನೆ ಇಲ್ಲ. ಅಳತೆ ತೆಗೆಯುತ್ತ ಅರ್ಧದಲ್ಲಿ ಟೇಪು ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿ, ಬರುವುದರೊಳಗೆ ಗಿರಾಕಿ ಇನ್ನೊಬ್ಬ ಟೈಲರ್ ಹತ್ತಿರ ಹೋಗಿರುವಳು.

ಹಳೇಬೀಡಿನ ನನ್ನ ಷಡ್ಡಕ ಬಂದು, ಇದು ಕಲ್ಲೇ, ಬೇರೆ ಏನೂ ಅಲ್ಲ ಎಂದು ತೀರ್ಪು ಕೊಟ್ಟ. ಹಳೇಬೀಡಿನವನು, ಕಲ್ಲಲ್ಲದೆ ಇನ್ನೇನು ಹೇಳಿಯಾನು. ಸ್ಕ್ಯಾನಿಂಗಿನಲ್ಲಿ ಒಂದು ಹರಳೂ ಕಾಣಲಿಲ್ಲ. ಅವನಿಗೆ ನಿರಾಸೆಯಾಯಿತು, ಮೆಷಿನ್ ಹಳೆಯದಿರಬೇಕು ಎಂದ.

ನಮ್ಮೂರಿನ ಡಾಕ್ಟರು ಏಳು ದಿನ ಕ್ಯಾಪ್ಸೂಲ್ ಕೊಟ್ಟರು. ನಾಲಿಗೆಯ ರುಚಿ ಹೋಯಿತು, ಪಸ್ ಸೆಲ್ ಹೋಗಲಿಲ್ಲ. ಹದಿನೈದು ದಿನ ಬಿಟ್ಟು ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡಿಸಿದರು. ಏನೂ ಬೆಳೆಯಲಿಲ್ಲ. ಆಮೇಲೆ ಸಕ್ಕರೆ ನೋಡಿಸಿದರು, ಪ್ರಾಸ್ಟೇಟ್ ನೋಡಿದರು. ಅದನ್ನು ನೋಡುವ ವಿಧಾನ ಇಲ್ಲಿ ಬೇಡ. ಕ್ಷಯ ಮೂತ್ರಪಿಂಡದಲ್ಲಿ ಕೂತಿದ್ದರೂ ಹೀಗಾಗುತ್ತದೆ ಎಂದು ಮೂರು ಬೆಳಗಿನ ಮೂತ್ರ ತರಿಸಿದರು. ಆ ಚೀಟಿ ಬರುವವರೆಗೆ ಅಕ್ಕ ಬಂದಾಗಲೆಲ್ಲ ನನ್ನ ಲೋಟ ಬೇರೆ ಇಟ್ಟಳು. ಅದೂ ಇಲ್ಲವೆಂದು ಬಂತು. "ಪಸ್ ಸೆಲ್ ಅಂದ್ರೆ ಬಿಳಿ ರಕ್ತಕಣ, ಅದು ಸುಮ್‌ಸುಮ್ನೆ ಬರಲ್ಲ. ಪ್ಲಾಟ್‌ಫಾರಂ ತುಂಬ ಜನ ನಿಂತಿದಾರೆ, ರೈಲೇ ಇಲ್ಲ ಅಂದ್ರೆ ಹೇಗೆ" ಎಂದು ಡಾಕ್ಟರು ತಲೆ ಕೆರೆದುಕೊಂಡರು. ಅಷ್ಟರಲ್ಲಿ ಹಾಸನದವರು ಎರಡನೆಯ ಸಲ ದಿನ ಮುಂದೂಡಿದ್ದರು. ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತೀರಾ ಎಂದು ಡಾಕ್ಟರು ಪ್ರತಿ ಸಲವೂ ಕೇಳುವರು. ಇಲ್ಲ ಎಂದು ಪ್ರತಿ ಸಲವೂ ಪ್ರಾಮಾಣಿಕವಾಗಿ ಹೇಳುವೆ.

ಐದನೆಯ ಸಲ ಅವರ ತಾಳ್ಮೆ ಮುಗಿಯಿತು. ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಎಂದರು. ಹೇಳಿದೆ. ಬಿಸಿನೀರು, ಕಾಫಿ, ಅವಳ ಮಾತ್ರೆ, ಎರಡು ಇಡ್ಲಿ, ಬಾರ್ಲಿ ನೀರು.

"ಯಾರ ಮಾತ್ರೆ?"

"ನಮ್ಮನೆಯವಳದು. ಮಂಡಿನೋವಿಂದು."

"ಅವರ ಮಾತ್ರೆ ನೀವು ನುಂಗಿದ್ರೆ ಅವರೇನು ಮಾಡ್ತಾರ್ರೀ?"

"ಅವಳಿಲ್ಲ ಡಾಕ್ಟ್ರೇ. ಹೋಗಿ ಹನ್ನೊಂದು ತಿಂಗಳಾಯ್ತು."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಎಷ್ಟು ಸಲ ಕೇಳ್ದೆ ನಿಮ್ಮನ್ನ" ಎಂದರು.

"ನೀವು ನನ್ನ ಮಾತ್ರೆ ಕೇಳಿದ್ರಿ" ಎಂದೆ.

ನಾನು ತಮಾಷೆಗೆ ಹೇಳಿದ್ದಲ್ಲ. ಅವಳು ಹೋದಾಗ ಎರಡು ಪಟ್ಟಿ ಮಾತ್ರೆ ಉಳಿದಿದ್ದವು. ಸೀರೆಗಳನ್ನು ಅಕ್ಕ, ನಾದಿನಿ ಹಂಚಿಕೊಂಡರು; ಮಾತ್ರೆಯನ್ನು ಯಾರೂ ಕೇಳಲಿಲ್ಲ. ಎಸೆಯಲು ಕೈ ಬರಲಿಲ್ಲ. ಮೆಷಿನ್ ತುಳಿದು ತುಳಿದು ನನ್ನ ಮಂಡಿಯೂ ನೋಯುತ್ತಿತ್ತು. ಅವಳಂತೆಯೇ ಕಾಫಿಯಾದ ಮೇಲೆ ಒಂದೊಂದು ನುಂಗಿದೆ. ಅವು ಮುಗಿದಾಗ ಅವಳ ಹೆಸರಿನ ಹಳೆಯ ಚೀಟಿ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಅಂಗಡಿಗೆ ಹೋದೆ. ಅಂಗಡಿಯವರಿಗೆ ವಿಷಯ ಗೊತ್ತಿರಲಿಲ್ಲ. ಸರೋಜಮ್ಮನವರದಲ್ವಾ, ಹೇಗಿದ್ದಾರೆ ಎಂದು ಕೇಳಿದರು. ಹಾಗೇ ಇದ್ದಾಳೆ ಎಂದುಬಿಟ್ಟೆ. ಬೇರೆಲ್ಲ ಕಡೆ ಅವಳ ಹೆಸರು ಎತ್ತಿದವರು ಧ್ವನಿ ಇಳಿಸುತ್ತಿದ್ದರು. ಅವರೊಬ್ಬರು ಮಾತ್ರ ಇಳಿಸಲಿಲ್ಲ. ಮಂಡಿ ಅಷ್ಟು ನೋಯದಿದ್ದರೂ ಹತ್ತು ದಿನಕ್ಕೊಮ್ಮೆ ಹೋಗುತ್ತಿದ್ದೆನೋ ಏನೋ.

ನೋವಿನ ಮಾತ್ರೆಯನ್ನು ದಿನವೂ ನುಂಗಿದರೆ ಮೂತ್ರಪಿಂಡ ಕೆರಳುತ್ತದೆ, ಕ್ರಿಮಿ ಇಲ್ಲದೆಯೂ ಬಿಳಿಕಣ ಬಂದು ಸೇರುತ್ತವೆ ಎಂದು ಡಾಕ್ಟರು ವಿವರಿಸಿ, ಇನ್ನು ಒಂದನ್ನೂ ಮುಟ್ಟಬೇಡಿ ಎಂದರು. ಎರಡು ತಿಂಗಳಿಗೆ ಪಸ್ ಸೆಲ್ ಎರಡು-ಮೂರಕ್ಕೆ ಇಳಿಯಿತು. ಲ್ಯಾಬಿನವನು ಚೀಟಿ ಕೊಡುವಾಗ ತನ್ನ ಮಗ ಪಾಸಾದವನಂತೆ ನಕ್ಕ. ಹಾಸನದವರು ದಿನ ಕೊಟ್ಟರು. ಬಾಳೆದಿಂಡು ಕೆಲಸ ಮಾಡಿತು ಎಂದು ಅಕ್ಕ ಬಾಣಾವರದಲ್ಲಿ ಈಗಲೂ ಹೇಳುತ್ತಾಳೆ.

ಆಪರೇಷನ್ನಿಗೆ ಮುಂಚೆ ಹಾಕಿಕೊಳ್ಳಬೇಕಾದ ಕಣ್ಣಿನ ಹನಿ ತರಲು ಅದೇ ಮೆಡಿಕಲ್ ಅಂಗಡಿಗೆ ಹೋದೆ. ಈ ಸಲ ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಂಗಡಿಯವರು ಹನಿಯ ಜೊತೆಗೆ ನೋವಿನ ಮಾತ್ರೆಯ ಪಟ್ಟಿಯನ್ನೂ ತೆಗೆದಿಟ್ಟರು.

"ಅದು ಬೇಡ. ಅವಳಿಗೀಗ ಮಂಡಿನೋವಿಲ್ಲ" ಎಂದೆ.

ಅವರ ಮುಖ ಅರಳಿತು. "ಒಳ್ಳೇದಾಯ್ತು ಬಿಡಿ. ನೋವು ಹೋಯ್ತು ಅಂತ ನೆಲದ ಮೇಲೆ ಕೂತು ಹೊಲೀಬೇಡಿ ಅಂತ ಅಮ್ಮನಿಗೆ ಹೇಳಿ."

ಹೇಳ್ತೀನಿ ಎಂದೆ. ಮನೆಗೆ ಬಂದು, ಅವಳ ಫೋಟೋದೆದುರು ನಿಂತು, ಹೇಳಿಯೂ ಹೇಳಿದೆ.